ಎಮ್ಮೆಗೆ ಹತ್ತಿಕಾಳು ಹಾಕಿದ್ದಕ್ಕೆ ನನಗೆ ಮಕ್ಕಳಾಗಲಿಲ್ವಾ?

ಪ್ರಶ್ನೆ: ಶಹಾಪುರದ ಹತ್ತಿರ ನಮ್ಮದು ಹತ್ತಿ ಹೊಲ. ಮದುವೆಯಾಗಿ ಮೂರು ವರ್ಷ, ಮಕ್ಕಳಾಗಿಲ್ಲ. ಕಲಬುರಗಿಯಲ್ಲಿ ಎಂ.ಎಸ್ಸಿ. ಪ್ರಾಣಿಶಾಸ್ತ್ರ ಓದುವ ನನ್ನ ತಮ್ಮ, ಹತ್ತಿಕಾಳಿನ ರಾಸಾಯನಿಕ ಕೊಟ್ಟರೆ ಗಂಡು ಇಲಿಯಿಂದ ಮರಿಯಾಗೋದಿಲ್ಲ ಅನ್ನುತ್ತಾನೆ. ನಮ್ಮ ಎಮ್ಮೆಗೆ ದಿನಾ ಹತ್ತಿಕಾಳು ಹಾಕುತ್ತೇವೆ. ಆ ಹಾಲೇ ನಾನು ಕುಡಿಯೋದು. ಇದೇ ಕಾರಣವಾ?
— ಓದುಗ, ಯಾದಗಿರಿ ಜಿಲ್ಲೆ

ಉತ್ತರ: ನಿಮ್ಮ ತಮ್ಮ ಹೇಳಿದ್ದು ನಿಜ. ಎಮ್ಮೆಯದು ಮಾತ್ರ ಏನೂ ತಪ್ಪಿಲ್ಲ.

ಒಂದು ಹತ್ತಿಕಾಳು ಕೊಯ್ದು ನೋಡಿ. ಒಳಗೆ ಸಣ್ಣ ಕರಿ ಚುಕ್ಕೆಗಳಿರುತ್ತವೆ. ನಿಮ್ಮ ತಮ್ಮ ಹೇಳಿದ ರಾಸಾಯನಿಕ, ಗಾಸಿಪಾಲ್, ಇರುವುದು ಅಲ್ಲೇ. ಹುಳ ತಿನ್ನದಿರಲಿ ಅಂತ ಗಿಡ ಮಾಡಿಕೊಂಡ ವಿಷ ಅದು. ಇದನ್ನು ಗಂಡು ಇಲಿಗೆ ಹಲವು ವಾರ ದಿನಾ ತಿನ್ನಿಸಿದರೆ ಮೊದಲು ಕೆಡುವುದು ವೀರ್ಯಾಣುವಿನ ಬಾಲ. ಬಾಲದ ಬುಡಕ್ಕೆ ಸುತ್ತಿಕೊಂಡ ಮೈಟೊಕಾಂಡ್ರಿಯಾಗಳೇ ಅದರ ಎಂಜಿನ್. ವೃಷಣದಲ್ಲಿ ವೀರ್ಯಾಣು ಇನ್ನೂ ಬಲಿಯುತ್ತಿರುವಾಗಲೇ ಆ ಎಂಜಿನ್ ಹಾಳಾಗುತ್ತದೆ. ಮಜಾ ಅಂದರೆ, ಇಲಿ ಎಂದಿನಂತೆ ಹೆಣ್ಣಿನ ಜೊತೆ ಕೂಡುತ್ತದೆ. ವೃಷಣದ ತೂಕವೂ ಇಳಿಯುವುದಿಲ್ಲ. ಸ್ಲೈಡಿಗೆ ಹಾಕಿ ನೋಡಿದಾಗಲೇ ಗೊತ್ತಾಗೋದು: ವೀರ್ಯಾಣುಗಳು ಈಜದೆ ಸುಮ್ನೆ ಬಿದ್ದಿರುತ್ತವೆ. ಡೋಸ್ ಏರಿಸಿದರೆ ವೃಷಣದ ಒಳಗಿನ ನಳಿಕೆಗಳೂ ಸವೆಯುತ್ತವೆ. ಅದೇ ಗಾಸಿಪಾಲನ್ನು ಮೊಲಕ್ಕೆ ಕೊಟ್ಟರೆ ಈ ಪರಿಣಾಮ ಕಾಣುವುದೇ ಕಷ್ಟ!

ಮನುಷ್ಯರಲ್ಲೂ ನೋಡಿದ್ದಾರೆ. ಚೀನಾದ ಕೆಲವು ಹಳ್ಳಿಗಳಲ್ಲಿ ಹತ್ತಿಕಾಳಿನ ಹಸಿ ಎಣ್ಣೆಯಲ್ಲೇ ಅಡುಗೆ ಮಾಡುತ್ತಿದ್ದರು. ಆ ಮನೆಗಳಲ್ಲಿ ಮಕ್ಕಳಾಗುವುದು ನಿಂತಾಗ ಗುಟ್ಟು ಹೊರಬಿತ್ತು. 1970ರ ದಶಕದಲ್ಲಿ ಅಲ್ಲಿ 8000ಕ್ಕೂ ಹೆಚ್ಚು ಗಂಡಸರಿಗೆ ಮಕ್ಕಳಾಗದಿರಲಿ ಅಂತ ಇದರ ಮಾತ್ರೆ ಕೊಟ್ಟರು. ಕೆಲಸವೂ ಮಾಡಿತು. ಆದರೆ ಕೆಲವರಿಗೆ ರಕ್ತದ ಪೊಟ್ಯಾಶಿಯಂ ಕುಸಿದು ಕೈಕಾಲು ಸೋತವು. ಇನ್ನು ಕೆಲವರಿಗೆ ಮಾತ್ರೆ ಬಿಟ್ಟ ಮೇಲೂ ವೀರ್ಯಾಣು ಮರಳಲಿಲ್ಲ. ಕೊನೆಗೆ ಕೈಬಿಟ್ಟರು.

ಈಗ ಎಮ್ಮೆಯ ವಿಷಯ. ಮೆಲುಕು ಹಾಕುವ ದನದ ಹೊಟ್ಟೆಯಲ್ಲಿ ಗಾಸಿಪಾಲ್ ಪ್ರೋಟೀನಿಗೆ ಅಂಟಿಕೊಂಡು ಬಹುಪಾಲು ಸುಮ್ಮನಾಗುತ್ತದೆ. ಹಾಲಿಗೆ ಇಳಿಯುವುದು ತೀರಾ ಕಮ್ಮಿ. ಧೈರ್ಯವಾಗಿ ಕುಡಿಯಿರಿ. ಎಳೆಗರುಗಳಿಗೆ, ತಳಿಗೆ ಬಿಡುವ ಕೋಣ ಅಥವಾ ಹೋರಿಗೆ ಮಾತ್ರ ಹತ್ತಿಕಾಳು ಜಾಸ್ತಿ ಬೇಡ. ಅಂಗಡಿಯ ರಿಫೈನ್ಡ್ ಎಣ್ಣೆಯಲ್ಲಿ ಗಾಸಿಪಾಲ್ ಶುದ್ಧ ಮಾಡುವಾಗಲೇ ಹೋಗಿರುತ್ತದೆ. ಮಿಲ್ಲಿನಿಂದ ತಂದ ಕಪ್ಪನೆಯ ಹಸಿ ಎಣ್ಣೆ ಅಡುಗೆಗೆ ತರಬೇಡಿ.

ನನಗೆ ಚಿಂತೆ ಇನ್ನೊಂದು ಎಣ್ಣೆಯದು. ಹತ್ತಿ ಹೊಲ ಅಂದ ಮೇಲೆ ಹುಳಕ್ಕೆ ಎಣ್ಣೆ (ಕೀಟನಾಶಕ) ಹೊಡೆಯೋದು ಇದ್ದೇ ಇದೆ ಅಲ್ವಾ? ಮೂಗಿಗೆ, ಕೈಗೆ ಏನೂ ಇಲ್ಲದೆ ಹೊಡೆಯುತ್ತೀರಾ? ಗುಟ್ಕಾ ಚಟ ಉಂಟಾ? ಇವೆರಡನ್ನೂ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಮೂರು ವರ್ಷ ಕಾದದ್ದು ಸಾಕು. 2ರಿಂದ 7 ದಿನ ಕೂಡದೆ ಇದ್ದು ವೀರ್ಯ ಪರೀಕ್ಷೆ ಮಾಡಿಸಿ. ನಿಮ್ಮ ಮನೆಯವರೂ ತೋರಿಸಿಕೊಳ್ಳಲಿ. ಇಲಿಯಲ್ಲಿ ವೀರ್ಯಾಣು ತಯಾರಾಗಲು ಸುಮಾರು 52 ದಿನ ಸಾಕು, ನಮಗೆ 74 ದಿನ ಬೇಕು. ಇವತ್ತು ಗುಟ್ಕಾ ಬಿಟ್ಟರೂ ರಿಪೋರ್ಟಿನಲ್ಲಿ ಫರಕು ಕಾಣಲು ಮೂರು ತಿಂಗಳು ಹಿಡಿಯುತ್ತದೆ. ಮೊದಲ ರಿಪೋರ್ಟ್ ಸರಿಯಿಲ್ಲ ಅಂತ ಗಾಬರಿಯಾಗಬೇಡಿ, ಇನ್ನೊಮ್ಮೆ ಮಾಡಿಸಿ.