ಗ್ರೇನಿನೊಳಗೆ ಅಕ್ಷರ ಹುಡುಕುವ ಮುನ್ನ

ಓದುಗರ ಪ್ರಶ್ನೆ, ತಜ್ಞರ ಉತ್ತರ. ಈ ಸಲದ ವಿಷಯ: ಹಳೆಯ ಮಸುಕು ಫೋಟೋಗಳಿಂದ ಸಾಕ್ಷ್ಯ ಹೊರತೆಗೆಯುವುದು.

ಪ್ರಶ್ನೆ: 1947ರ ರೋಸ್‌ವೆಲ್ ‘ಹಾರುವ ತಟ್ಟೆ’ ಪ್ರಕರಣದ ಒಂದು ಫೋಟೋದಲ್ಲಿ ಸೇನಾಧಿಕಾರಿಯ ಕೈಯಲ್ಲಿ ಟೈಪು ಮಾಡಿದ ಕಾಗದವಿದೆಯಂತೆ. ಇಷ್ಟೆಲ್ಲ ಸಾಫ್ಟ್‌ವೇರ್ ಬಂದರೂ ಅದನ್ನು ಓದಲು ಏಕೆ ಆಗುತ್ತಿಲ್ಲ? (ಓದುಗರು, ದಾವಣಗೆರೆ)

ಉತ್ತರ: ಅದು 1947ರ ಜುಲೈ 8ರಂದು ಟೆಕ್ಸಾಸ್‌ನ ಫೋರ್ಟ್ ವರ್ತ್ ವಾಯುನೆಲೆಯಲ್ಲಿ ಪತ್ರಿಕಾ ಛಾಯಾಗ್ರಾಹಕ ಜೆ. ಬಾಂಡ್ ಜಾನ್ಸನ್ ತೆಗೆದ ಚಿತ್ರ. ರೋಸ್‌ವೆಲ್ ಬಳಿ ಸಿಕ್ಕಿದ್ದು ಎಂದು ಸೇನೆ ತೋರಿಸಿದ ಬಲೂನಿನ ಚೂರುಗಳ ಪಕ್ಕ ಬ್ರಿಗೇಡಿಯರ್ ಜನರಲ್ ರೋಜರ್ ರೇಮಿ ಕಾಗದ ಹಿಡಿದು ಕೂತಿದ್ದಾರೆ. ನೆಗೆಟಿವ್ ಈಗಲೂ ಆರ್ಲಿಂಗ್ಟನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸುರಕ್ಷಿತವಾಗಿದೆ. ಅಂದರೆ ಇಲ್ಲಿ ಸ್ಕ್ಯಾನಿನ ಕೊರತೆಯಿಲ್ಲ. ಫಿಲ್ಮಿನ ಬೆಳ್ಳಿಕಣಗಳ ಗುಂಪು, ಅಂದರೆ ಗ್ರೇನ್, ಹೆಚ್ಚುಕಡಿಮೆ ಅಕ್ಷರದ ಗೆರೆಯಷ್ಟೇ ದಪ್ಪವಿದೆ. ಅಕ್ಷರದ ಆಕಾರ ಫಿಲ್ಮಿಗೆ ಇಳಿದೇ ಇಲ್ಲದಿದ್ದರೆ ಯಾವ ಸಾಫ್ಟ್‌ವೇರೂ ಅದನ್ನು ಮೇಲೆತ್ತಲಾರದು.

ಇದರ ಎದುರಿಗೆ ಇನ್ನೊಂದು ಪ್ರಕರಣ ಇಟ್ಟು ನೋಡಿ. 2015ರ ಮೇ 5ರಂದು ಮೆಕ್ಸಿಕೊ ನಗರದಲ್ಲಿ, ರೋಸ್‌ವೆಲ್‌ನ ಅನ್ಯಗ್ರಹ ಜೀವಿಯದು ಎಂದು ಎರಡು ಕೊಡಾಕ್ರೋಮ್ ಸ್ಲೈಡುಗಳನ್ನು ಪ್ರದರ್ಶಿಸಿದರು. ಗಾಜಿನ ಪೆಟ್ಟಿಗೆಯಲ್ಲಿದ್ದ ದೇಹದ ಪಕ್ಕ ಒಂದು ಫಲಕ. ಅದನ್ನು ಓದಲಾಗದು ಎಂದರು. ಆಸಕ್ತರ ಗುಂಪೊಂದು ಸ್ಮಾರ್ಟ್‌ಡಿಬ್ಲರ್ ಎಂಬ ಸಾಮಾನ್ಯ ತಂತ್ರಾಂಶ ಬಳಸಿ ಕೆಲವೇ ದಿನಗಳಲ್ಲಿ ಓದಿತು. ಮೊದಲ ಸಾಲೇ ‘ಎರಡು ವರ್ಷದ ಬಾಲಕನ ಮಮ್ಮೀಕೃತ ದೇಹ’. ಕೊಲೊರಾಡೊದ ಮೆಸಾ ವರ್ಡೆ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದ ಮಗುವಿನ ಶವ ಅದು.

ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೆ. ಸ್ಲೈಡಿನ ಫಲಕ ಮಸುಕಾಗಿತ್ತು. ಮಸುಕಿನಲ್ಲಿ ಪ್ರತಿ ಬಿಂದುವಿನ ಬೆಳಕೂ ಒಂದೇ ರೀತಿಯಲ್ಲಿ ಅಕ್ಕಪಕ್ಕಕ್ಕೆ ಹರಡಿರುತ್ತದೆ. ಹೇಗೆ ಹರಡಿತೆಂದು ಅಂದಾಜು ಸಿಕ್ಕರೆ ಲೆಕ್ಕ ಹಾಕಿ ಹಿಂದಕ್ಕೆ ತರಬಹುದು. ಗ್ರೇನ್ ಹಾಗಲ್ಲ, ಚೆಲ್ಲಾಪಿಲ್ಲಿ. ಹಿಂತಿರುಗಿಸಲು ಅಲ್ಲಿ ಲೆಕ್ಕವೇ ಇಲ್ಲ. ಯಾವ ಫೋಟೋ ಕೈಗೆ ಬಂದರೂ ಮೊದಲು ತೀರ್ಮಾನಿಸಬೇಕಾದ್ದು ಇದು ಮಸುಕೋ ಗ್ರೇನೋ ಎಂಬುದನ್ನು. ಚಿತ್ರದಲ್ಲಿ ಒಂದು ಹೊಳೆಯುವ ಗುಂಡಿಯನ್ನೋ ಕನ್ನಡಕದ ಮಿಂಚನ್ನೋ ಹಿಗ್ಗಿಸಿ ನೋಡಿ. ಆ ಬೆಳಕಿನ ಚುಕ್ಕಿ ಸಣ್ಣ ಗೆರೆಯಂತೆ ಎಳೆದಿದ್ದರೆ ಕ್ಯಾಮೆರಾ ಅಲುಗಿದೆ, ದುಂಡಗೆ ಹರಡಿದ್ದರೆ ಫೋಕಸ್ ತಪ್ಪಿದೆ. ಚುಕ್ಕಿ ಚೂಪಾಗಿದ್ದೂ ಅಕ್ಷರ ಕಾಣದಿದ್ದರೆ ಆಸೆ ಬಿಡಿ.

ರೇಮಿ ಕಾಗದದಲ್ಲಿ ‘ವಿಕ್ಟಿಮ್ಸ್’ (ಬಲಿಯಾದವರು) ಎಂಬ ಪದ ಓದಿದ್ದೇವೆ ಎನ್ನುವವರಿದ್ದಾರೆ. 2002ರಲ್ಲಿ ಸಂಶೋಧಕರಾದ ಜೇಮ್ಸ್ ಹೌರನ್ ಮತ್ತು ಕೆವಿನ್ ರ್‍ಯಾಂಡಲ್ ಇದನ್ನೇ ಪರೀಕ್ಷೆಗೆ ಒಡ್ಡಿದರು. ಕೆಲವರಿಗೆ ಇದು ರೋಸ್‌ವೆಲ್ ಕಾಗದ ಎಂದರು, ಕೆಲವರಿಗೆ ಅಣು ಪರೀಕ್ಷೆಯದು ಎಂದರು, ಉಳಿದವರಿಗೆ ಏನೂ ಹೇಳಲಿಲ್ಲ. ಯಾರಿಗೆ ಏನು ಹೇಳಿದ್ದರೋ ಅದಕ್ಕೆ ಹೊಂದುವ ಪದಗಳೇ ಅವರವರಿಗೆ ಕಂಡವು. ಆದ್ದರಿಂದ ಓದುವ ಕೆಲಸವನ್ನು ಹಿನ್ನೆಲೆ ಗೊತ್ತಿಲ್ಲದ ಮೂರು ನಾಲ್ಕು ಜನರಿಗೆ ಬೇರೆ ಬೇರೆಯಾಗಿ ಕೊಡಿ. ಶಾಸನ ಓದುವವರು ಅಳಿದ ಅಕ್ಷರಕ್ಕೆ ಚುಕ್ಕಿ ಇಟ್ಟು ಮುಂದೆ ಹೋಗುತ್ತಾರಲ್ಲ, ಅದೇ ಶಿಸ್ತು ಇಲ್ಲಿಯೂ ಬೇಕು.

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ ಗ್ರೂಪ್ ಫೋಟೋ ಇದೆ. ಹಿಂದೆ ಒಂದು ಕನ್ನಡ ಬೋರ್ಡು ಕಾಣುತ್ತದೆ, ಓದಲಾಗದು. ಫೋಟೋ ಹಳದಿಯಾಗಿದೆ, ಅಂಚಿನಲ್ಲಿ ಬೆಳ್ಳಿಯಂತೆ ಮಿರುಗುತ್ತದೆ. ಏನು ಮಾಡಬಹುದು? (ಓದುಗರು, ಶಿರಸಿ)

ಉತ್ತರ: ಒದ್ದೆ ಬಟ್ಟೆಯಿಂದ ಒರೆಸಬೇಡಿ, ಮೇಲ್ಪದರದ ಜೆಲಟಿನ್ ನೀರಿಗೆ ಉಬ್ಬಿ ಕಿತ್ತುಬರುತ್ತದೆ. ಮಲೆನಾಡಿನ ತೇವಕ್ಕೆ ಫೋಟೋ ಫ್ರೇಮಿನ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯದೆ ಗಾಜಿನ ಸಮೇತವೇ ಸ್ಕ್ಯಾನ್ ಮಾಡಿ.

ಮೊದಲು 10 ಪಟ್ಟು ಹಿಗ್ಗಿಸುವ ಲೂಪಿನಲ್ಲಿ ಬೋರ್ಡನ್ನು ನೋಡಿ. ಆ ಕಾಲದ ಎಷ್ಟೋ ಗ್ರೂಪ್ ಫೋಟೋಗಳು ದೊಡ್ಡ ಗಾಜಿನ ಪ್ಲೇಟಿಗೆ ಕಾಗದ ಒತ್ತಿ ತೆಗೆದ ಕಾಂಟ್ಯಾಕ್ಟ್ ಪ್ರಿಂಟುಗಳು. ಬರಿಗಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ವಿವರ ಅವುಗಳಲ್ಲಿರುತ್ತದೆ.

ಸ್ಕ್ಯಾನರ್‌ನಲ್ಲಿ 1200 ಪಿಪಿಐ (ಇಂಚಿಗೆ 1200 ಪಿಕ್ಸೆಲ್), ಪ್ರತಿ ಬಣ್ಣಕ್ಕೆ 16 ಬಿಟ್, ಟಿಫ್ ಫೈಲ್. ಶಾರ್ಪನ್, ಧೂಳು ತೆಗೆಯುವುದು, ಆಟೋ ಕರೆಕ್ಷನ್ ಎಲ್ಲವನ್ನೂ ಆಫ್ ಮಾಡಿ. ಕಪ್ಪು-ಬಿಳುಪು ಫೋಟೋ ಎಂದು ಗ್ರೇಸ್ಕೇಲ್ ಆರಿಸಬೇಡಿ, ಕಲರ್ ಇರಲಿ. ಕಲರ್ ಸ್ಕ್ಯಾನನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳಾಗಿ, ಅಂದರೆ ಚಾನೆಲ್‌ಗಳಾಗಿ, ಬಿಡಿಸಬಹುದು. ಮಾಸಿ ಹಳದಿಯಾದ ಚಿತ್ರ ನೀಲಿ ಚಾನೆಲ್‌ನಲ್ಲಿ ಎದ್ದು ಕಾಣುತ್ತದೆ, ಏಕೆಂದರೆ ಹಳದಿ ನೀಲಿ ಬೆಳಕನ್ನು ನುಂಗುತ್ತದೆ. ಕಾಫಿ ಕಲೆ, ಗೋಂದಿನ ಕಲೆ ಕಣ್ಣಿಗೆ ಅಡ್ಡ ಬಂದರೆ ಕೆಂಪು ಚಾನೆಲ್ ನೋಡಿ, ಅಲ್ಲಿ ಅವು ಬಹುಮಟ್ಟಿಗೆ ಮರೆಯಾಗುತ್ತವೆ. ಜಿಂಪ್ ಅಥವಾ ಇಮೇಜ್‌ಜೆ, ಎರಡೂ ಉಚಿತ ತಂತ್ರಾಂಶಗಳು, ಚಾನೆಲ್ ಬೇರ್ಪಡಿಸುತ್ತವೆ.

ಬೆಳ್ಳಿ ಮಿರುಗು ಸ್ಕ್ಯಾನರ್‌ಗೆ ಬಗ್ಗುವುದಿಲ್ಲ. ಕ್ಯಾಮೆರಾವನ್ನು ಟ್ರೈಪಾಡಿಗೆ ಹಾಕಿ, ಎಡಬಲಕ್ಕೆ 45 ಡಿಗ್ರಿಯಲ್ಲಿ ಎರಡು ದೀಪ ಇಡಿ. ದೀಪಗಳ ಮುಂದೆ ಪೋಲರೈಸಿಂಗ್ ಹಾಳೆ, ಎರಡೂ ಒಂದೇ ದಿಕ್ಕಿಗಿರಲಿ. ಲೆನ್ಸಿಗೆ ಪೋಲರೈಸರ್ ಹಾಕಿ ಮಿರುಗು ಆರುವವರೆಗೆ ತಿರುಗಿಸಿ. ಬೆಳಕು ಬಹಳ ತಗ್ಗುವುದರಿಂದ ಎಕ್ಸ್‌ಪೋಷರ್ ಉದ್ದವಾಗುತ್ತದೆ, ಎರಡು ಸೆಕೆಂಡಿನ ಟೈಮರ್ ಬಳಸಿ.

ಈಗ ಬೋರ್ಡು. ಪ್ರಿಂಟಿನಲ್ಲಿ 0.3 ಮಿ.ಮೀ. ಎತ್ತರದ ಅಕ್ಷರಕ್ಕೆ 1200 ಪಿಪಿಐನಲ್ಲಿ ಸುಮಾರು 14 ಪಿಕ್ಸೆಲ್ ಸಿಗುತ್ತದೆ, 300ರಲ್ಲಿ ಮೂರೂವರೆ ಮಾತ್ರ. ಇಂಗ್ಲಿಷ್ ದೊಡ್ಡಕ್ಷರಗಳನ್ನು ಏಳೆಂಟು ಪಿಕ್ಸೆಲ್‌ನಲ್ಲಿ ಹೇಗೋ ಓದಬಹುದು. ಕನ್ನಡಕ್ಕೆ ಅದು ಸಾಲದು, ಒತ್ತಕ್ಷರ ಇದ್ದರಂತೂ ದುಪ್ಪಟ್ಟು ಬೇಕು. ದ-ಧ ನಡುವೆ ಇರುವುದು ಕೆಳಗಿನ ಒಂದು ಸೀಳು, ವ-ಮ ನಡುವೆ ಬಲಗಡೆಯ ಒಂದು ಕೊಂಬು, ಪ-ಷ ನಡುವೆ ಹೊಟ್ಟೆಯೊಳಗಿನ ಒಂದು ಗೆರೆ. ಗ್ರೇನ್ ಮೊದಲು ನುಂಗುವುದು ಇವನ್ನೇ. ಹಾಗಾಗಿ ಒಂಟಿ ಅಕ್ಷರಕ್ಕೆ ಪಟ್ಟು ಹಿಡಿಯದೆ ಪದದ ಉದ್ದ, ದೀರ್ಘ, ಒತ್ತುಗಳ ಜಾಗ ಎಣಿಸಿಕೊಳ್ಳಿ.

ಇಮೇಜ್‌ಜೆಯ ಕ್ಲಾಹೆ ಎಂಬ ಸ್ಥಳೀಯ ಕಾಂಟ್ರಾಸ್ಟ್ ಉಪಕರಣದಲ್ಲಿ ಬ್ಲಾಕ್ 127, ಸ್ಲೋಪ್ 2ರಿಂದ 3. ಅದಕ್ಕೂ ಮೇಲೆ ಹೋದರೆ ಗೋಡೆಯ ಗ್ರೇನೇ ಬರಹದಂತೆ ಕಾಣತೊಡಗುತ್ತದೆ. ಮಸುಕು ತೆಗೆಯಲು ರಿಚರ್ಡ್‌ಸನ್-ಲೂಸಿ ವಿಧಾನ ಬಳಸಿದರೆ ಲೆಕ್ಕವನ್ನು 10-15 ಸಲ ಮಾತ್ರ ಪುನರಾವರ್ತಿಸಿ ನಿಲ್ಲಿಸಿ. ಮುಂದೆ ಹೋದರೆ ಅಂಚುಗಳ ಸುತ್ತ ಬಳೆಯಂತೆ ಸುಳ್ಳು ಗೆರೆಗಳು ಮೂಡುತ್ತವೆ. ಪ್ರತಿ ಹೆಜ್ಜೆಯ ಸಂಖ್ಯೆಗಳನ್ನು ಬರೆದಿಡಿ. ಇನ್ನೊಬ್ಬರು ಅದೇ ಹೆಜ್ಜೆಯಲ್ಲಿ ಅದೇ ಫಲಿತಾಂಶ ಪಡೆಯದಿದ್ದರೆ ಅದು ಸಾಕ್ಷ್ಯವಲ್ಲ.

ಪ್ರಶ್ನೆ: ಮೂಲ ಫೋಟೋ ಇಲ್ಲ, ಪತ್ರಿಕೆಯ ಕಟಿಂಗ್ ಮಾತ್ರ ಇದೆ. (ಓದುಗರು, ಧಾರವಾಡ)

ಉತ್ತರ: ಕಟಿಂಗಿನಲ್ಲಿರುವುದು ಮುದ್ರಣದ ಚುಕ್ಕಿಗಳು. ಚುಕ್ಕಿಗಿಂತ ಸಣ್ಣ ವಿವರ ಅಲ್ಲಿ ಇಲ್ಲ. 1200 ಪಿಪಿಐನಲ್ಲಿ ಸ್ಕ್ಯಾನ್ ಮಾಡಿ, ಇಮೇಜ್‌ಜೆಯಲ್ಲಿ ಎಫ್‌ಎಫ್‌ಟಿ (ಚಿತ್ರದಲ್ಲಿ ಮರುಕಳಿಸುವ ವಿನ್ಯಾಸಗಳನ್ನು ಬೇರೆಯಾಗಿ ತೋರಿಸುವ ಸೌಲಭ್ಯ) ತೆರೆದರೆ ಚುಕ್ಕಿಜಾಲ ಹೊಳೆಯುವ ನಕ್ಷತ್ರಗಳಂತೆ ಕಾಣುತ್ತದೆ. ನಡುವಿನದನ್ನು ಬಿಟ್ಟು ಉಳಿದವನ್ನು ಕಪ್ಪಾಗಿಸಿ ಹಿಂದಿರುಗಿಸಿ. ಚಿತ್ರ ನಯವಾಗುತ್ತದೆ, ಹೊಸದೇನೂ ಬರುವುದಿಲ್ಲ. ಮೂಲ ಪ್ರಿಂಟ್ ಹುಡುಕುವುದೇ ಒಳ್ಳೆಯದು.

ಪ್ರಶ್ನೆ: ಕೆನಡಿ ಹತ್ಯೆಯ ಫೋಟೋದಲ್ಲಿ ಬೇಲಿಯ ಹಿಂದೆ ಎರಡನೇ ಬಂದೂಕುಧಾರಿ ಕಾಣುತ್ತಾನೆ ಎನ್ನುತ್ತಾರೆ. ನಂಬಬಹುದೇ? (ಓದುಗರು, ಮಂಗಳೂರು)

ಉತ್ತರ: 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಮೇರಿ ಮೂರ್‌ಮನ್ ತೆಗೆದ ಪೋಲರಾಯ್ಡ್ ಅದು. ಬೇಲಿಯ ಹಿಂದೆ ಕಾಣುತ್ತದೆ ಎನ್ನುವ ‘ಬ್ಯಾಡ್ಜ್ ಮ್ಯಾನ್’ ಎಂಬ ಆಕೃತಿಯನ್ನು 1982ರಲ್ಲಿ ಹತ್ಯೆಯ ಬಗ್ಗೆ ಶೋಧಿಸುತ್ತಿದ್ದ ಗ್ಯಾರಿ ಮ್ಯಾಕ್ ಮತ್ತು ಜ್ಯಾಕ್ ವೈಟ್ ಗುರುತಿಸಿದರು. ಅಂಥ ಪೋಲರಾಯ್ಡಿಗೆ ಉಳಿಯುವ ನೆಗೆಟಿವ್ ಇಲ್ಲ. ಮೂಲ ಪ್ರಿಂಟ್ ಮಾಸಿದೆ, ಅದರ ಮೇಲೆ ಬೆರಳಚ್ಚೂ ಇದೆ. ಆಕೃತಿ ಇರುವುದು ಉಗುರಿನ ತುದಿಗಿಂತ ಸಣ್ಣ ಜಾಗದಲ್ಲಿ. ಇಂಥ ಕಡೆ ಹಿಗ್ಗಿಸುವುದಕ್ಕಿಂತ ಅಳೆಯುವುದು ಉಪಯುಕ್ತ. ಹಾಗೆ ಅಳೆದ ಡೇಲ್ ಮೈಯರ್ಸ್, ಅದು ಸಾಮಾನ್ಯ ಎತ್ತರದ ಮನುಷ್ಯನಾಗಿದ್ದರೆ ಬೇಲಿಯಿಂದ ಬಹಳ ಹಿಂದೆ, ನೆಲದಿಂದ ಮೇಲೆ ನಿಂತಿರಬೇಕಾಗುತ್ತದೆ ಎಂದು ತೋರಿಸಿದರು. ಎಲೆ, ನೆರಳು, ಬಿಸಿಲಿನ ಚುಕ್ಕಿಗಳ ಜೋಡಣೆ ಎನ್ನುವುದೇ ನಮ್ಮ ಅಭಿಪ್ರಾಯ.

ಅದೇ ಘಟನೆಯನ್ನು ದಾರಿಬದಿಯಲ್ಲಿ ನಿಂತಿದ್ದ ಝಪ್ರೂಡರ್ ಎಂಬವರು ಸೆರೆಹಿಡಿದ ಚಲನಚಿತ್ರದ ಮಾತು ಬೇರೆ. 8 ಮಿ.ಮೀ. ಫಿಲ್ಮ್, ಸೆಕೆಂಡಿಗೆ 18.3 ಚೌಕಟ್ಟು. ಪ್ರತಿ ಚೌಕಟ್ಟಿನಲ್ಲೂ ಗ್ರೇನ್ ಬೇರೆ ಬೇರೆ ಕಡೆ ಬೀಳುತ್ತದೆ. ಅಲುಗದ ವಸ್ತುವಿರುವ 9 ಚೌಕಟ್ಟುಗಳನ್ನು ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆದರೆ ಗ್ರೇನ್ ಮೂರನೇ ಒಂದಕ್ಕೆ, 16 ಆದರೆ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಒಂದೇ ಫೋಟೋವನ್ನು 16 ಸಲ ಸ್ಕ್ಯಾನ್ ಮಾಡಿದರೆ ಈ ಲಾಭವಿಲ್ಲ. ಸ್ಕ್ಯಾನರಿನ ಗದ್ದಲ ಇಳಿದೀತು, ಗ್ರೇನ್ ಇದ್ದಲ್ಲೇ ಇರುತ್ತದೆ.

ಎಲ್ಲರೂ ತೊಲಗಿಸಲು ನೋಡುವ ಈ ಗ್ರೇನ್ ಕೆಲವೊಮ್ಮೆ ತಾನೇ ಸಾಕ್ಷಿ. ಕೆನಡಿ ಹತ್ಯೆಯ ಆರೋಪಿ ಓಸ್ವಾಲ್ಡ್ ಬಂದೂಕು ಹಿಡಿದು ಹಿತ್ತಲಲ್ಲಿ ನಿಂತ ಫೋಟೋಗಳಲ್ಲಿ ತಲೆ ಅಂಟಿಸಿದ್ದಾರೆ ಎಂಬ ಆರೋಪವಿತ್ತು. ಅಂಟಿಸಿದ್ದರೆ ಕತ್ತಿನ ಬಳಿ ಗ್ರೇನಿನ ಹೆಣಿಗೆ ಬದಲಾಗಬೇಕು. ಅಮೆರಿಕದ ಸಂಸತ್ತಿನ ಸಮಿತಿ ನೇಮಿಸಿದ ತಜ್ಞರು 1970ರ ದಶಕದ ಕೊನೆಯಲ್ಲಿ ನೋಡಿದಾಗ ಅಂಥ ಬದಲಾವಣೆ ಸಿಗಲಿಲ್ಲ. ಉಳಿದಿದ್ದ ಒಂದು ನೆಗೆಟಿವಿನ ಅಂಚಿನ ಗುರುತುಗಳು ಅವನ ಇಂಪೀರಿಯಲ್ ರಿಫ್ಲೆಕ್ಸ್ ಕ್ಯಾಮೆರಾದ ಚೌಕಟ್ಟಿಗೇ ಹೊಂದುತ್ತವೆ ಎಂದು ಎಫ್‌ಬಿಐ 1964ರಲ್ಲೇ ಹೇಳಿತ್ತು. ಅಂಚು ಕತ್ತರಿಸಿದ ಚಿತ್ರದಲ್ಲಿ ಈ ಪರೀಕ್ಷೆ ಮಾಡುವ ಹಾಗೇ ಇಲ್ಲ.

ಪ್ರಶ್ನೆ: ಮೊಬೈಲ್ ಆ್ಯಪ್ ಹಳೆಯ ಫೋಟೋದ ಮುಖವನ್ನು ಸ್ಪಷ್ಟ ಮಾಡಿತು. ಅದನ್ನಿಟ್ಟುಕೊಂಡು ವ್ಯಕ್ತಿಯನ್ನು ಗುರುತಿಸಬಹುದೇ? (ಓದುಗರು, ಕೊಪ್ಪಳ)

ಉತ್ತರ: ಇಲ್ಲ. ಆ್ಯಪ್ ತಾನು ಕಲಿತ ಸಾವಿರಾರು ಮುಖಗಳಿಂದ ಒಂದು ಮುಖ ಬರೆಯುತ್ತದೆ. 2020ರಲ್ಲಿ ಪಲ್ಸ್ ಎಂಬ ಎಐ ತಂತ್ರಕ್ಕೆ ಬರಾಕ್ ಒಬಾಮಾ ಅವರ ಮಸುಕು ಚಿತ್ರ ಕೊಟ್ಟಾಗ ಅದು ಬಿಳಿಯ ವ್ಯಕ್ತಿಯೊಬ್ಬನನ್ನು ಚಿತ್ರಿಸಿತು. ಗೋಡೆಗೆ ತೂಗುಹಾಕಲು ಆ್ಯಪ್ ಸರಿ.

ಪ್ರಶ್ನೆ: ಹಾಗಾದರೆ ಇಂಥ ಫೋಟೋಗಳ ಗುಟ್ಟು ಬಿಡಿಸುವುದು ಹೇಗೆ? (ಓದುಗರು, ಮೈಸೂರು)

ಉತ್ತರ: ಬಹಳ ಸಲ ಫೋಟೋದ ಹೊರಗೆ ಹುಡುಕಿ. 1937ರ ಜುಲೈ 2ರಂದು ಕಾಣೆಯಾದ ವೈಮಾನಿಕಿ ಅಮೇಲಿಯಾ ಇಯರ್‌ಹಾರ್ಟ್ ಮಾರ್ಷಲ್ ದ್ವೀಪಗಳ ಜಲೂಯಿಟ್ ಬಂದರುಕಟ್ಟೆಯಲ್ಲಿ ಬೆನ್ನು ಹಾಕಿ ಕೂತಿದ್ದಾರೆ ಎಂದು 2017ರಲ್ಲಿ ಒಂದು ಟಿವಿ ಸಾಕ್ಷ್ಯಚಿತ್ರ ಸಾರಿತು. ಮುಖ, ಕೂದಲು, ಮೈಕಟ್ಟು ಎಲ್ಲದರ ಹೋಲಿಕೆ ನಡೆದಿತ್ತು. ಜಪಾನಿನ ಬ್ಲಾಗ್ ಬರಹಗಾರ ಕೋಟಾ ಯಮಾನೊ ಅವರು ಫೋಟೋವನ್ನು ಹಿಗ್ಗಿಸಲೇ ಇಲ್ಲ. ಊರಿನ ಹೆಸರಿಟ್ಟು ತಮ್ಮ ದೇಶದ ಗ್ರಂಥಾಲಯದ ಡಿಜಿಟಲ್ ಸಂಗ್ರಹದಲ್ಲಿ ಹುಡುಕಿದರು. ಸುಮಾರು ಅರ್ಧ ಗಂಟೆಯಲ್ಲಿ ಅದೇ ಚಿತ್ರ ಒಂದು ಪ್ರವಾಸ ಪುಸ್ತಕದಲ್ಲಿ ಸಿಕ್ಕಿತು. ಪುಸ್ತಕ ಅಚ್ಚಾದದ್ದು 1935ರಲ್ಲಿ.