ಹೋಸ್ಟಿಂಗಿಗೆ ಸೆಟಪ್ ಫೀ ತಗೋಬಹುದಾ?

ಪ್ರಶ್ನೆ: ನಮಸ್ತೆ ಸರ್. ನಾನು ಸಾಗರದವನು, ರೀಸೆಲರ್ ಅಕೌಂಟ್ (ದೊಡ್ಡ ಕಂಪನಿಯ ಸರ್ವರಲ್ಲಿ ಜಾಗ ತಗೊಂಡು ಮತ್ತೆ ಮಾರೋದು) ಇಟ್ಕೊಂಡು ಇಲ್ಲಿನ ಹೋಂಸ್ಟೇಗಳಿಗೆ, ಒಂದೆರಡು ಅಡಿಕೆ ಮಂಡಿಗಳಿಗೆ ವೆಬ್ ಹೋಸ್ಟಿಂಗ್ (ವೆಬ್‌ಸೈಟ್ ಇಡೋಕೆ ಸರ್ವರಲ್ಲಿ ಜಾಗ) ಕೊಡ್ತೀನಿ. ವರ್ಷಕ್ಕೆ 2,400 ರೂಪಾಯಿ, ಹೊಸಬರಿಗೆ ಸೆಟಪ್ ಫೀ ಅಂತ ಮೇಲೆ 1,000. ಈಗ ಬಂದವರೆಲ್ಲ "ಆನ್‌ಲೈನಲ್ಲಿ ಸೆಟಪ್ ಫ್ರೀ ಅಂತಿದೆ, ನಿಮ್ದ್ಯಾಕೆ ಎಕ್ಸ್‌ಟ್ರಾ" ಅಂತ ಕೇಳ್ತಾರೆ. ಬಿಟ್ರೆ ನನ್ನ ದುಡಿಮೆಗೆ ಬೆಲೆ ಇಲ್ಲ, ಇಟ್ರೆ ಗಿರಾಕಿ ಇಲ್ಲ. ಏನ್ಮಾಡ್ಲಿ?
– ಓದುಗರು, ಸಾಗರ

ಉತ್ತರ: ಆ 1,000 ರೂಪಾಯಿಗೆ ನೀವು ಏನು ಮಾಡ್ತೀರಿ ಅನ್ನೋದನ್ನ ಬರೆದೇ ಇಲ್ವಲ್ಲ ಮಾರಾಯ್ರೆ, ಇಡೀ ಪ್ರಶ್ನೆ ಅಲ್ಲೇ ಇರೋದು. ಬರೀ ಅಕೌಂಟ್ ಓಪನ್ ಮಾಡಿಕೊಡೋದಾದ್ರೆ ತಗೋಬೇಡಿ. ಸಿಪ್ಯಾನಲ್ (ಹೋಸ್ಟಿಂಗ್ ನೋಡ್ಕೊಳ್ಳೋ ಸಾಫ್ಟ್‌ವೇರ್) ಇರೋ ಸರ್ವರಲ್ಲಿ ಡೊಮೇನ್ ಹೆಸರು (ಸೈಟಿನ ವಿಳಾಸ) ಹಾಕಿ, ಪ್ಯಾಕೇಜ್ ಆರಿಸಿ, ಬಟನ್ ಒತ್ತಿದ್ರೆ ಮುಗೀತು, ಉಳಿದಿದ್ದೆಲ್ಲ ಮಷೀನೇ ಮಾಡತ್ತೆ. ಹಿಂದೆ ಹಾಗಿರ್ಲಿಲ್ಲ, ಡಿಎನ್‌ಎಸ್ ಫೈಲನ್ನ (ಯಾವ ಡೊಮೇನ್ ಯಾವ ಸರ್ವರಲ್ಲಿದೆ ಅಂತ ಹೇಳೋ ಪಟ್ಟಿ) ಯಾರಾದ್ರೂ ಕೂತು ಕೈಯಲ್ಲಿ ಟೈಪ್ ಮಾಡ್ಬೇಕಿತ್ತು, ಎಸ್‌ಎಸ್‌ಎಲ್ (ಸೈಟಿಗೆ ಬೀಗದ ಗುರುತು ಕೊಡೋ ಭದ್ರತೆ) ಬೇಕಂದ್ರೆ ಸರ್ಟಿಫಿಕೇಟ್ ದುಡ್ಡು ಕೊಟ್ಟು ತರ್ಬೇಕಿತ್ತು, ಅದಕ್ಕೇ ಬೇರೆ ಐಪಿ (ಸರ್ವರಿನ ನಂಬರ್ ವಿಳಾಸ) ಕೊಡ್ಬೇಕಿತ್ತು, ಹಾಗಾಗಿ ಆಗ ಸೆಟಪ್ ಫೀ ಕೇಳೋದ್ರಲ್ಲಿ ಅರ್ಥ ಇತ್ತು. 2015ರ ಡಿಸೆಂಬರಲ್ಲಿ ಪುಕ್ಕಟೆ ಸರ್ಟಿಫಿಕೇಟ್ ಕೊಡೋ ಲೆಟ್ಸ್ ಎನ್‌ಕ್ರಿಪ್ಟ್ ಎಲ್ಲರಿಗೂ ಓಪನ್ ಆದ್ಮೇಲೆ ಸರ್ಟಿಫಿಕೇಟೂ ಫ್ರೀ. ಅಡಿಕೆ ಕೊನೆ ಇಳಿಸೋಕೆ ಮರ ಹತ್ತಿದ ಕೊನೆಗಾರನಿಗೆ ಕೂಲಿ ಕೊಡೋಕೆ ನಮ್ಮ ಕಡೆ ಯಾರೂ ತಕರಾರು ಮಾಡಲ್ಲ, ಹತ್ತದೇ ಕೂಲಿ ಕೇಳಿದ್ರೆ ಸುಮ್ನಿರ್ತಾರಾ?

ಆದ್ರೆ ಹಳೇ ಸೈಟನ್ನ ಬೇರೆ ಕಡೆಯಿಂದ ಎತ್ಕೊಂಡು ಬರೋದಿದ್ರೆ ಮಾತೇ ಬೇರೆ. ಹೊಸನಗರದ ಕಡೆ ಒಂದು ಹೋಂಸ್ಟೇ ಅಂತ ಇಟ್ಕೊಳ್ಳಿ, ಬುಕಿಂಗ್ ಎಲ್ಲಾ ಅವರ ಡೊಮೇನಿನ ಮೇಲ್‌ಗೇ ಬರತ್ತೆ. ಹಿಂದಿನ ದಿನವೇ ಟಿಟಿಎಲ್ಲನ್ನ (ಸೈಟಿನ ಹಳೇ ವಿಳಾಸವನ್ನ ಬೇರೆಯವರ ಕಂಪ್ಯೂಟರ್ ಎಷ್ಟು ಹೊತ್ತು ನೆನಪಿಟ್ಕೊಳ್ಳತ್ತೆ ಅನ್ನೋ ಲೆಕ್ಕ) 300 ಸೆಕೆಂಡಿಗೆ ಇಳಿಸಿರ್ಬೇಕು, ಇಲ್ಲಾಂದ್ರೆ ಅರ್ಧ ಜನಕ್ಕೆ ಹಳೇ ಸೈಟು ಅರ್ಧ ಜನಕ್ಕೆ ಹೊಸದು ಕಾಣತ್ತೆ. ಹೊಸ ಸರ್ವರಲ್ಲಿ ಮೇಲ್‌ಬಾಕ್ಸ್ ಎಲ್ಲಾ ಮಾಡಿದ್ಮೇಲೇನೇ ಎಂಎಕ್ಸ್ ರೆಕಾರ್ಡ್ (ಇಮೇಲ್ ಯಾವ ಸರ್ವರಿಗೆ ಹೋಗ್ಬೇಕು ಅಂತ ಹೇಳೋ ಸಾಲು) ಮುಟ್ಬೇಕು, ಮೊದಲೇ ಬದಲಾಯಿಸಿದ್ರೆ ಬಂದ ಬುಕಿಂಗ್ ಇಮೇಲೆಲ್ಲ ಬೌನ್ಸ್ ಆಗಿ ವಾಪಸ್. ಹಳೇ ಇಮೇಲನ್ನ ಐಮ್ಯಾಪ್ (ಸರ್ವರಲ್ಲಿರೋ ಮೇಲ್ ಓದೋ ವಿಧಾನ) ಮೂಲಕ ಕಾಪಿ ಮಾಡ್ಬೇಕು, ಎಸ್‌ಪಿಎಫ್ ಡಿಕೆಐಎಂ (ಮೇಲ್ ನಿಜವಾಗಿ ಅವರದ್ದೇ ಅಂತ ತೋರಿಸೋ ಗುರುತುಗಳು) ಹಾಕ್ಬೇಕು, ಹಾಕ್ದೇ ಇದ್ರೆ ಅವರು ಕಳ್ಸೋ ಕನ್‌ಫರ್ಮೇಶನ್ ಗೆಸ್ಟಿನ ಸ್ಪಾಮಿಗೆ ಹೋಗಿ ಬಿದ್ದಿರತ್ತೆ, ಗೆಸ್ಟು ರೂಮ್ ಸಿಕ್ಕಿಲ್ಲ ಅಂದ್ಕೊಂಡು ಬೇರೆ ಕಡೆ ಹೋಗ್ತಾರೆ. ಆಮೇಲೆ ಮಾಲೀಕರ ಫೋನಲ್ಲಿ ಪಾಸ್‌ವರ್ಡ್ ಹಾಕಿಕೊಟ್ಟು ಒಂದು ಮೇಲ್ ಹೋಗಿ ಬರೋ ತನಕ ಜೊತೆಗಿರ್ಬೇಕು. ಇದು ಪೂರ್ತಿ ಒಂದು ದಿನದ ಕೆಲಸ, ಮನುಷ್ಯರೇ ಮಾಡೋ ಕೆಲಸ, ಇದಕ್ಕೆ 1,000 ಕಮ್ಮೀನೇ. (ಜೋಗಕ್ಕೆ ಜನ ನುಗ್ಗೋ ಮಳೆಗಾಲದ ವೀಕೆಂಡಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕ್ಬೇಡಿ ದಯವಿಟ್ಟು.)

ಹಾಗಾಗಿ ಬಿಲ್ಲಲ್ಲಿ "ಸೆಟಪ್ ಫೀ" ಅಂತ ಬರೀಬೇಡಿ, "ಹಳೇ ಸೈಟು ಮತ್ತು ಮೇಲ್ ಶಿಫ್ಟಿಂಗ್" ಅಂತ ಬರೀರಿ, ಬೇಡ ಅಂದವರಿಗೆ ಬಿಡಿ. ಆ ಫ್ರೀ ಅನ್ನೋ ಪ್ಲಾನ್‌ಗಳಲ್ಲಿ ಎಷ್ಟೋ ಸಲ ಮೊದಲನೇ ವರ್ಷದ ರೇಟು ಮಾತ್ರ ಕಮ್ಮಿ, ರಿನ್ಯೂವಲ್‌ಗೆ ಜಾಸ್ತಿ, ಅದನ್ನ ಗಿರಾಕಿಗೆ ನಿಮ್ಮ ರೇಟಿನ ಪಕ್ಕದಲ್ಲಿಟ್ಟು ತೋರ್ಸಿ.

ತಿಂಗಳ ಲೆಕ್ಕದಲ್ಲಿ ತಗೊಳ್ಳೋರಿಗೆ ಸಣ್ಣ ಎಂಟ್ರಿ ಫೀ ಇಡೋದು ನನ್ನ ಪ್ರಕಾರ ಸರಿ. ಒಂದು ತಿಂಗಳಿಗೆ ಅಂತ ಬಂದು ಸ್ಪಾಮ್ ಕಳ್ಸಿ ಹೋಗೋರಿದಾರೆ, ಐಪಿ ಬ್ಲಾಕ್‌ಲಿಸ್ಟ್ ಆದ್ರೆ (ಸ್ಪಾಮ್ ಕಳ್ಸೋರ ಪಟ್ಟಿಗೆ ಬಿದ್ರೆ) ಅದೇ ಸರ್ವರಲ್ಲಿರೋ ಮಂಡಿಯವರ ಇಮೇಲ್ ಹೋಗೋದೂ ನಿಲ್ಲತ್ತೆ. ವರ್ಷದ್ದು ಒಟ್ಟಿಗೆ ಕಟ್ಟೋರಿಗೆ ಅದು ಬೇಡ. ಡೆಡಿಕೇಟೆಡ್ ಸರ್ವರಿಗೆ (ಒಬ್ಬ ಗಿರಾಕಿಗೇ ಮೀಸಲಾದ ಮಷೀನ್) ಸೆಟಪ್ ಫೀ ಕೇಳಬಹುದು, ಅಲ್ಲಿ ನಿಜವಾಗ್ಲೂ ಯಾರೋ ರ್‍ಯಾಕಿಗೆ ಮಷೀನ್ ಹತ್ತಿಸಿ ಡಿಸ್ಕ್ ಹಾಕ್ತಾರೆ. ಏನೇ ತಗೊಂಡ್ರೂ 18% ಜಿಎಸ್‌ಟಿ ಸೇರಿ ಒಟ್ಟು ಎಷ್ಟು ಅಂತ ಮೊದಲೇ ಹೇಳಿ, ರಿಜಿಸ್ಟರ್ ಆಗಿಲ್ದೇ ಇದ್ರೆ ಜಿಎಸ್‌ಟಿ ಅಂತ ವಸೂಲಿ ಮಾಡೋ ಹಾಗೇ ಇಲ್ಲ.

ಪ್ರಶ್ನೆ: ನಮ್ಮ ಹೋಸ್ಟಿಂಗ್‌ನವರು ಈ ವರ್ಷ ರಿನ್ಯೂವಲ್ ಜೊತೆ ಮತ್ತೆ ಸೆಟಪ್ ಫೀ ಹಾಕಿದಾರೆ, ಸೈಟಲ್ಲಿ ಏನೂ ಬದಲಾಗಿಲ್ಲ. ಕೊಡ್ಬೇಕಾ ಮೇಡಂ/ಸರ್?
– ಓದುಗರು, ತೀರ್ಥಹಳ್ಳಿ

ಉತ್ತರ: ಕೊಡ್ಬೇಡಿ. ಏನನ್ನ ಸೆಟಪ್ ಮಾಡಿದ್ರಿ ಅಂತ ಬರೆದು ಕೊಡೋಕೆ ಕೇಳಿ. ಅದಕ್ಕಿಂತ ಮೊದಲು ಡೊಮೇನ್ ಯಾರ ಹೆಸರಲ್ಲಿ, ಯಾರ ಇಮೇಲಲ್ಲಿ ರಿಜಿಸ್ಟರ್ ಆಗಿದೆ ನೋಡಿ. ಅವರ ಹೆಸರಲ್ಲಿದ್ರೆ ಜಗಳಕ್ಕೆ ಹೋಗ್ದೇ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ, ಡೊಮೇನನ್ನ ಬೇರೆ ಕಂಪನಿಗೆ ಒಯ್ಯೋಕೆ ಬೇಕಾಗೋ ಗುಟ್ಟಿನ ಕೋಡ್ (ಆಥ್ ಕೋಡ್) ತಗೊಳ್ಳಿ, ಸೈಟಿನ ಪೂರ್ತಿ ಬ್ಯಾಕಪ್ ನಿಮ್ಮ ಪೆನ್‌ಡ್ರೈವಿಗೆ ಇಳಿಸ್ಕೊಳ್ಳಿ. ಅಷ್ಟಾದ್ಮೇಲೆ ಬಿಲ್ಲಿನ ಮಾತು ತೆಗೀರಿ.