ಅರ್ಧ ತುಂಬಿದ ಬಟ್ಟಲು: ಉಜ್ಬೇಕಿಸ್ತಾನದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಪ್ರಕಟವಾದ ನನ್ನ ಉಜ್ಬೇಕಿಸ್ತಾನ ಪ್ರವಾಸದ ಬರಹವನ್ನು ಓದಿ ಹಲವರು ಪತ್ರ ಬರೆದಿದ್ದಾರೆ. ತಾಷ್ಕೆಂಟ್, ಸಮರ್ಖಂಡ್, ಬುಖಾರಾ, ಖೀವಾ ಎಂಬ ನಾಲ್ಕು ಊರುಗಳಲ್ಲಿ ಹದಿನೆಂಟು ದಿನ ಕಳೆದ ಮಾತ್ರಕ್ಕೆ ಆ ದೇಶವನ್ನು ಬಲ್ಲೆನೆಂದು ನಾನು ಹೇಳಲಾರೆ. ಕಂಡದ್ದನ್ನೂ, ಮೊದಲು ತಪ್ಪಾಗಿ ತಿಳಿದು ಆಮೇಲೆ ತಿದ್ದಿಕೊಂಡದ್ದನ್ನೂ ಹೇಳಬಲ್ಲೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ.

ಬುಖಾರಾದಲ್ಲಿ ಅಪರಿಚಿತರ ಮನೆಯಲ್ಲಿ ಉಳಿದುಕೊಂಡೆ ಎಂದು ಬರೆದಿದ್ದೀರಿ. ಅಲ್ಲಿಯ ಅತಿಥಿ ಸತ್ಕಾರ ನಮ್ಮ ಕಡೆಯಂತೆಯೇ ಇದೆಯೇ?
(ಧಾರವಾಡದ ನಿವೃತ್ತ ಶಿಕ್ಷಕಿಯೊಬ್ಬರು)

ಮೇಡಂ, ನಿಮ್ಮ ಪ್ರಶ್ನೆಯನ್ನೇ ನಾನೂ ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಮೊದಲ ಸಂಜೆಯೇ ಅದಕ್ಕೆ ತಪ್ಪು ಉತ್ತರ ಕಂಡುಕೊಂಡೆ.

ಆ ಮನೆಯ ಅಂಗಳದಲ್ಲಿ ಮಂಚದಂತಹ ಅಗಲವಾದ ಮರದ ಕಟ್ಟೆಯೊಂದಿತ್ತು. ಅದರ ಮೇಲೆ ಕೊರ್ಪಚಾ ಎಂಬ ಉದ್ದನೆಯ ಹತ್ತಿ ಹಾಸಿಗೆಗಳನ್ನು ಹಾಸಿ, ನಡುವೆ ಊಟದ ವಸ್ತ್ರವನ್ನು ಹರಡಿದ್ದರು. ಪಾದರಕ್ಷೆ ಬಿಟ್ಟು ಮೇಲೆ ಹತ್ತಿದ ನನ್ನನ್ನು ಮನೆಯ ಅಜ್ಜಿ ಬಾಗಿಲಿಗೆ ತೀರ ದೂರವಾದ ಮೂಲೆಯಲ್ಲಿ ಕೂರಿಸಿದರು. ಸೊಸೆ ಹಸಿರು ಚಹಾ ತಂದು, ಪಿಯಾಲಾ ಎಂಬ ಹಿಡಿಯಿಲ್ಲದ ಬಟ್ಟಲಿಗೆ ಸುರಿದು, ಅದನ್ನು ಮತ್ತೆ ಕೆಟಲಿಗೇ ಹಾಕಿದಳು. ಹೀಗೆ ಮೂರು ಸಲ ಮಾಡಿದ ನಂತರ ಬಟ್ಟಲಿನ ತಳದಲ್ಲಿ ಎರಡು ಗುಟುಕಿನಷ್ಟು ಚಹಾ ಬಿಟ್ಟು, ಎಡಗೈಯನ್ನು ಎದೆಯ ಮೇಲಿಟ್ಟು, ಬಲಗೈಯಿಂದ ನನಗೆ ನೀಡಿದಳು. ನಮ್ಮ ಕಲಬುರಗಿಯಲ್ಲಿ ಮನೆಗೆ ಬಂದವರಿಗೆ ಕಪ್ಪು ತುಂಬಿ, ಬಸಿಗೂ ಚೆಲ್ಲುವಷ್ಟು ಚಹಾ ಕೊಡುವುದನ್ನು ನೋಡಿ ಬೆಳೆದವಳು ನಾನು. ಇಷ್ಟು ದೊಡ್ಡ ಮನೆಯಲ್ಲಿ ಚಹಾಕ್ಕೇಕೆ ಇಷ್ಟು ಕೈಬಿಗಿ ಎಂದು ನನಗೆ ಆ ಕ್ಷಣ ನಿಜವಾಗಿಯೂ ಅನ್ನಿಸಿತು.

ಮರುದಿನ ಆ ಮನೆಯ ಮಗಳು, ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಿದ್ದವಳು, ಇದನ್ನು ಬಿಡಿಸಿ ಹೇಳಿದಳು. ಬಟ್ಟಲು ತುಂಬಿ ಕೊಟ್ಟರೆ "ಕುಡಿದು ಹೊರಡಿ" ಎಂದು ಸೂಚಿಸಿದಂತೆ. ಕಡಿಮೆ ಹಾಕಿದರೆ ಚಹಾ ಬಿಸಿಯಾಗಿಯೇ ಇರುತ್ತದೆ, ಅತಿಥಿ ಮತ್ತೆ ಮತ್ತೆ ಬಟ್ಟಲು ಚಾಚುತ್ತಾನೆ, ಮನೆಯವರು ಮತ್ತೆ ಮತ್ತೆ ಅವನ ಸೇವೆ ಮಾಡುವ ಅವಕಾಶ ಪಡೆಯುತ್ತಾರೆ. ಗೌರವ ಹೆಚ್ಚಿದಂತೆ ಚಹಾದ ಅಳತೆ ಇಳಿಯುತ್ತದೆ. ಬಾಗಿಲಿಗೆ ದೂರವಾದ ಆ ಮೂಲೆಯೂ ಮನೆಯ ಅತ್ಯಂತ ಗೌರವದ ಸ್ಥಾನವಾಗಿತ್ತು. ನನ್ನನ್ನು ಬದಿಗೆ ಸರಿಸಿದ್ದಾರೆಂದು ನಾನು ಭಾವಿಸಿಕೊಂಡಿದ್ದೆ.

ಆದ್ದರಿಂದ ಸತ್ಕಾರ ನಮ್ಮಂತೆಯೇ ಇದೆ ಎಂದೂ ಇಲ್ಲವೆಂದೂ ಹೇಳಲು ನನಗೆ ಮನಸ್ಸಿಲ್ಲ. ಅವರ ಉಪಚಾರದ ಹಿಂದಿನ ಪ್ರೀತಿ ನಮಗೆ ಪರಿಚಿತವಾದದ್ದೇ, ಆದರೆ ಅದನ್ನು ಅಳೆಯುವ ಸೇರು ಬೇರೆ. ನಾವು ನಮ್ಮ ಸೇರನ್ನು ಕೈಯಲ್ಲಿ ಹಿಡಿದೇ ಹೋಗುತ್ತೇವೆ, ಕೊರತೆ ಕಂಡ ಕಡೆಯಲ್ಲೆಲ್ಲ ಅದು ಅವರ ಕೊರತೆಯೆಂದು ಬರೆದುಕೊಳ್ಳುತ್ತೇವೆ. ಒಂದು ರಾತ್ರಿಯೆಲ್ಲ ಆ ಅಜ್ಜಿಯ ಬಗ್ಗೆ ಅನ್ಯಾಯದ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಕ್ಕೆ ನನಗೆ ಇಂದಿಗೂ ಬೇಸರವಿದೆ.

ನಾವು ಶುದ್ಧ ಸಸ್ಯಾಹಾರಿಗಳು. ಅಂತಹ ದೇಶದಲ್ಲಿ ಹೊಟ್ಟೆಗೆ ಏನು ಮಾಡಿಕೊಂಡಿರಿ?
(ಶಿರಸಿಯ ಓದುಗ ದಂಪತಿ)

ನಾನೂ ಸಸ್ಯಾಹಾರಿಯೇ. ಅಲ್ಲಿಯ ಅಡುಗೆ ಮಾಂಸಪ್ರಧಾನವಾದದ್ದು ಎಂಬುದನ್ನು ಮುಚ್ಚಿಡುವುದಿಲ್ಲ. ಪಲಾವ್ ಎಂದು ನಾವು ಕರೆಯುವ ಹೆಸರೇ ಅಲ್ಲಿಯ ಪಾಲೋವ್‌ಗೂ ಇದೆ, ಆದರೆ ಅದನ್ನು ಕುರಿಯ ಅಥವಾ ದನದ ಮಾಂಸ, ಗಜ್ಜರಿ, ಈರುಳ್ಳಿ ಹಾಕಿ ದೊಡ್ಡ ಕಡಾಯಿಯಲ್ಲಿ ಬೇಯಿಸುತ್ತಾರೆ. ಮೇಲಿನ ಮಾಂಸವನ್ನು ತೆಗೆದುಕೊಟ್ಟರೂ ಅನ್ನ ಅದೇ ರಸದಲ್ಲಿ ಬೆಂದಿರುತ್ತದೆ. "ಗೋಷ್ತ್‌ಸಿಜ್", ಅಂದರೆ ಮಾಂಸವಿಲ್ಲದ್ದು, ಎಂಬ ಒಂದು ಪದವನ್ನು ಕಲಿತು ಹೋಗಿ. ಆದರೂ ಸಾರಿನ ಬಗ್ಗೆ ಬೇರೆಯಾಗಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಕುಂಬಳಕಾಯಿ ತುಂಬಿ ತಂದೂರಿನಲ್ಲಿ ಬೇಯಿಸಿದ ಸೋಮ್ಸಾ, ಟೊಮೆಟೊ ಈರುಳ್ಳಿಯ ಪಚಡಿ, ಗಟ್ಟಿ ಮೊಸರು, ಒಣದ್ರಾಕ್ಷಿ, ಜಲ್ದರು, ಅಕ್ರೋಟು, ಮತ್ತು ಜಗತ್ತಿನಲ್ಲಿ ಬೇರೆಲ್ಲೂ ನಾನು ತಿನ್ನದಷ್ಟು ಸಿಹಿಯಾದ ಕರಬೂಜ ನನ್ನನ್ನು ಕಾಪಾಡಿದವು. ಸೋಮ್ಸಾದ ಹಿಟ್ಟಿನಲ್ಲಿ ಕೆಲವೊಮ್ಮೆ ಪ್ರಾಣಿಜನ್ಯ ಕೊಬ್ಬು ಇರುತ್ತದೆ, ಕೇಳದೆ ತಿನ್ನಬೇಡಿ.

ಎಲ್ಲಕ್ಕಿಂತ ಮಿಗಿಲಾಗಿ ನೋನ್ ಎಂಬ ದುಂಡನೆಯ ರೊಟ್ಟಿಯಿದೆ. ನಡುಭಾಗವನ್ನು ಸೂಜಿಗಳಿರುವ ಮರದ ಅಚ್ಚಿನಿಂದ ಚುಚ್ಚಿ ಹೂವಿನ ಚಿತ್ತಾರ ಮೂಡಿಸುತ್ತಾರೆ. ಚುಚ್ಚಿದ ಕಡೆ ಉಬ್ಬದೆ ತೆಳ್ಳಗೆ ಉಳಿದು, ಅಂಚು ಮಾತ್ರ ಉಬ್ಬಿ ಹೊಳೆಯುತ್ತದೆ. ಅದನ್ನು ಬೋರಲಾಗಿ ಇಡಬಾರದು, ನೆಲದ ಮೇಲೆ ಇಡಬಾರದು. ಊಟಕ್ಕೆ ಕೂತಾಗ ಹಿರಿಯರು ಕೈಯಿಂದ ಮುರಿದು ಎಲ್ಲರ ಮುಂದೆ ಇಡುತ್ತಾರೆ. ಮನೆಯಿಂದ ದೂರ ಹೊರಟ ಮಗ ರೊಟ್ಟಿಯ ಒಂದು ತುತ್ತು ಕಚ್ಚಿ ಹೋಗುತ್ತಾನೆ, ಉಳಿದದ್ದನ್ನು ಅವನು ಹಿಂತಿರುಗುವವರೆಗೆ ಗೋಡೆಗೆ ತೂಗುಹಾಕಿ ಇಟ್ಟಿರುತ್ತಾರೆ ಎಂಬ ಪದ್ಧತಿಯನ್ನು ಕೇಳಿದಾಗ, ಕೆಳಗೆ ಬಿದ್ದ ರೊಟ್ಟಿಯ ಚೂರನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ ನನ್ನ ಅವ್ವ ನೆನಪಾದಳು.

ಭಾಷೆ ಬಾರದೆ ಹೇಗೆ ನಿಭಾಯಿಸಿದಿರಿ?
(ತುಮಕೂರಿನ ವಿದ್ಯಾರ್ಥಿ)

ರಷ್ಯನ್ ಅಥವಾ ಉಜ್ಬೇಕ್ ಎರಡರಲ್ಲಿ ಒಂದಾದರೂ ಬೇಕೆನ್ನಿಸುತ್ತದೆ, ಆದರೆ ಉತ್ತರ ಕರ್ನಾಟಕದವರಿಗೆ ಒಂದು ಅನಿರೀಕ್ಷಿತ ನೆರವು ಸಿಗುತ್ತದೆ. ಬಾಗಿಲಿಗೆ ದರ್ವೋಜಾ, ಸಾಬೂನಿಗೆ ಸೋವುನ್, ಮೈದಾನಕ್ಕೆ ಮೈದೋನ್, ಪೇಟೆಗೆ ಬೋಜೋರ್, ನೀರಿನ ಹೊಂಡಕ್ಕೆ ಹೋವುಜ್ ಎನ್ನುತ್ತಾರೆ. ಈ ಕೊನೆಯದು ನಮ್ಮ ಹೌದವೇ. ಪಾರ್ಸಿ ಮತ್ತು ಅರಬ್ಬಿಯಿಂದ ಅವರಿಗೂ ನಮಗೂ ಬೇರೆ ಬೇರೆ ದಾರಿಯಲ್ಲಿ ಬಂದು ನೆಲೆಸಿದ ಪದಗಳಿವು. ಬುಖಾರಾದ ಲ್ಯಾಬಿ ಹೌಜ್ ಎಂಬ ಹದಿನೇಳನೆಯ ಶತಮಾನದ ಹೊಂಡದ ಕಲ್ಲಿನ ಮೆಟ್ಟಿಲ ಮೇಲೆ, ಹಳೆಯ ಹಿಪ್ಪುನೇರಳೆ ಮರಗಳ ನೆರಳಿನಲ್ಲಿ ಕೂತು ನಾನು ಇಂತಹ ಪದಗಳನ್ನು ವಹಿಯಲ್ಲಿ ಬರೆದಿಟ್ಟುಕೊಂಡೆ. ವಾಕ್ಯ ಕಟ್ಟಲು ಇವು ಸಾಲುವುದಿಲ್ಲ ಎಂಬುದೂ ನಿಜ. ಅಂತಹ ಹೊತ್ತಿನಲ್ಲಿ ಎದೆಯ ಮೇಲೆ ಕೈಯಿಟ್ಟು "ರಹ್ಮತ್" ಎಂದು ಧನ್ಯವಾದ ಹೇಳಿದರೆ ಎದುರಿನವರ ಮುಖ ಅರಳುತ್ತದೆ.

ಬೀದರಿನ ಗವಾನ್ ಮದರಸಾಕ್ಕೂ ಸಮರ್ಖಂಡಕ್ಕೂ ನಂಟಿದೆ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ವಿವರಿಸುವಿರಾ?
(ಬೀದರಿನ ಕಾಲೇಜು ವಿದ್ಯಾರ್ಥಿನಿ)

ತಂಗಿ, ನೀನು ದಿನವೂ ನೋಡುವ ಕಟ್ಟಡದ ಬಗ್ಗೆಯೇ ಕೇಳಿದ್ದೀಯ. ಬಹಮನಿ ರಾಜ್ಯದ ಪ್ರಧಾನಿಯಾಗಿದ್ದ ಮಹಮೂದ್ ಗವಾನ್ ಪರ್ಷಿಯಾದ ಗೀಲಾನ್ ಪ್ರಾಂತ್ಯದವನು. 1472ರಲ್ಲಿ ಅವನು ಕಟ್ಟಿಸಿದ ಮದರಸಾ ಸಮರ್ಖಂಡ ಹಾಗೂ ಖುರಾಸಾನದ ವಿದ್ಯಾಲಯಗಳ ಮಾದರಿಯಲ್ಲಿದೆ. ಮುಂಭಾಗದ ಎರಡು ಮಿನಾರುಗಳಲ್ಲಿ ಒಂದು ಮಾತ್ರ ಉಳಿದಿದೆ, ಅದರ ಮೈಮೇಲೆ ನೀಲಿ ಬಿಳಿ ಹಳದಿಯ ಹೊಳಪಿನ ಬಿಲ್ಲೆಗಳು ಅಲ್ಲಲ್ಲಿ ಅಂಟಿಕೊಂಡಿವೆ. ಚಿಕ್ಕಂದಿನಲ್ಲಿ ಶಾಲೆಯ ಪ್ರವಾಸದಲ್ಲಿ ಅದನ್ನು ನೋಡಿದಾಗ, ಇಡೀ ಗೋಡೆ ಆ ಬಣ್ಣದಿಂದ ತುಂಬಿದ್ದಾಗ ಹೇಗಿತ್ತೋ ಎಂದು ಊಹಿಸಲು ನನ್ನಿಂದ ಆಗಿರಲಿಲ್ಲ.

ಸಮರ್ಖಂಡದ ರೆಗಿಸ್ತಾನ್ ಚೌಕದಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಚೌಕದ ಮೂರು ಮಗ್ಗುಲಿಗೆ ಮೂರು ಮದರಸಾಗಳಿವೆ. ಅವುಗಳಲ್ಲಿ ಹಳೆಯದು ತೈಮೂರನ ಮೊಮ್ಮಗ ಉಲುಗ್ ಬೇಗ್ 1417ರಿಂದ 1420ರ ನಡುವೆ ಕಟ್ಟಿಸಿದ್ದು. ಮಹಾದ್ವಾರದ ಮೇಲೆ ನಕ್ಷತ್ರಗಳ ಚಿತ್ತಾರವಿದೆ, ಏಕೆಂದರೆ ಕಟ್ಟಿಸಿದ ಅರಸ ಖಗೋಳಜ್ಞನಾಗಿದ್ದ. ಬೆಳಿಗ್ಗೆ ಬಿಸಿಲು ಓರೆಯಾಗಿ ಬಿದ್ದಾಗ ಆ ನೀಲಿ ನಮ್ಮ ಮಿನಾರಿನ ನೀಲಿಯೇ ಎಂದು ಗುರುತಿಸಿ ನಾನು ಬಹಳ ಹೊತ್ತು ನಿಂತೆ. ಆದರೆ ಇಲ್ಲಿಯೂ ಅವಸರದ ಹೋಲಿಕೆ ಸಲ್ಲದು: ರೆಗಿಸ್ತಾನ್ ಇಂದು ಕಾಣುವ ಪೂರ್ಣತೆ ಸೋವಿಯತ್ ಕಾಲದಲ್ಲಿಯೂ ಆಮೇಲೆಯೂ ನಡೆದ ದೊಡ್ಡ ಪ್ರಮಾಣದ ದುರಸ್ತಿಯ ಫಲ. ಬೀದರಿನದು ಬಿದ್ದುಹೋದದ್ದನ್ನು ಬಿದ್ದಂತೆಯೇ ಉಳಿಸಿಕೊಂಡ ಕಟ್ಟಡ. ನನಗೆ ಎರಡೂ ಬೇಕು, ಆದರೆ ಕಾಲ ಏನು ಮಾಡಿತೆಂದು ತಿಳಿಯಬೇಕಾದರೆ ನಾನು ನಿಮ್ಮೂರಿಗೇ ಬರುತ್ತೇನೆ.

ಇನ್ನೊಂದು ನಂಟನ್ನೂ ಹೇಳಿಬಿಡುತ್ತೇನೆ. ಉಲುಗ್ ಬೇಗನ ತಂದೆ ಶಾರುಖ್ ಹೆರಾತ್‌ನಿಂದ ಆಳುತ್ತಿದ್ದ. ಅವನ ರಾಯಭಾರಿಯಾಗಿ ಅಬ್ದುರ್ ರಜಾಕ್ ಸಮರ್ಖಂಡಿ ಕಲ್ಲಿಕೋಟೆಗೆ ಬಂದಿಳಿದು, ಮಂಗಳೂರಿನ ಮೂಲಕ 1443ರಲ್ಲಿ ವಿಜಯನಗರವನ್ನು ತಲುಪಿದ. ಎರಡನೆಯ ದೇವರಾಯನ ಆಸ್ಥಾನವನ್ನೂ, ಮಹಾನವಮಿಯ ಉತ್ಸವವನ್ನೂ, ವೀಳ್ಯದೆಲೆಯ ಗುಣವನ್ನೂ ಅವನು ಬೆರಗಿನಿಂದ ಬರೆದಿಟ್ಟಿದ್ದಾನೆ. ಅಪರಿಚಿತ ನಾಡಿನಲ್ಲಿ ಅಂಗೈಗೆ ಬಂದ ತಾಂಬೂಲವನ್ನು ನೋಡಿ ಅವನೂ ಮೊದಲು ತಬ್ಬಿಬ್ಬಾಗಿರಬಹುದೆಂದು ಬುಖಾರಾದ ಚಹಾದ ಬಟ್ಟಲಿನ ಮುಂದೆ ನನಗೆ ಅನ್ನಿಸಿತ್ತು. ಅವನು ಹಂಪಿಯಲ್ಲಿದ್ದ ಕಾಲಕ್ಕೆ ಸಮರ್ಖಂಡದ ಗುಡ್ಡದ ಮೇಲೆ ಉಲುಗ್ ಬೇಗನ ವೀಕ್ಷಣಾಲಯವಿತ್ತು. ಅಲ್ಲಿಯವರು 1018 ನಕ್ಷತ್ರಗಳ ಸ್ಥಾನಗಳನ್ನು 1437ರ ಹೊತ್ತಿಗೆ ಪಟ್ಟಿ ಮಾಡಿದ್ದರು. 1449ರಲ್ಲಿ ಅರಸ ಹತನಾದ ನಂತರ ಆ ಕಟ್ಟಡ ನಾಶವಾಯಿತು. 1908ರಲ್ಲಿ ಅಗೆದು ತೆಗೆದ, ನೆಲದೊಳಗೆ ಕಮಾನಿನಂತೆ ಇಳಿಯುವ ಕಲ್ಲಿನ ಕಾಲುವೆಯೊಂದು ಮಾತ್ರ ಉಳಿದಿದೆ. ಸುಮಾರು 40 ಮೀಟರ್ ತ್ರಿಜ್ಯದ ಉಪಕರಣದ ಕೆಳಭಾಗ ಅದು. ಜೈಪುರದ ಜಂತರ್ ಮಂತರ್ ಕಟ್ಟಿಸಿದ ಸವಾಯಿ ಜೈಸಿಂಹ ಈ ಉಲುಗ್ ಬೇಗನ ಪಟ್ಟಿಯನ್ನೇ ಅಭ್ಯಾಸ ಮಾಡಿದ್ದ.

ನಾವು ತುಂಗಭದ್ರಾ ಕಾಲುವೆಯ ಕೆಳಭಾಗದ ಹತ್ತಿ ಮತ್ತು ಭತ್ತದ ರೈತರು. ಅಲ್ಲಿಯೂ ಹತ್ತಿಯೇ ಮುಖ್ಯ ಬೆಳೆಯಂತೆ. ಏನು ಕಂಡಿರಿ?
(ಸಿಂಧನೂರಿನ ರೈತರೊಬ್ಬರು)

ಅಣ್ಣ, ನೀವು ಕೇಳದಿದ್ದರೆ ನಾನು ಈ ವಿಷಯವನ್ನು ಬರೆಯುತ್ತಿರಲಿಲ್ಲ, ಬಿಟ್ಟಿದ್ದರೆ ತಪ್ಪಾಗುತ್ತಿತ್ತು. ನಾನು ಚಹಾ ಕುಡಿದ ಬಟ್ಟಲಿನ ಮೇಲೆಯೇ ಕಡುನೀಲಿಯಲ್ಲಿ ಬಿಳಿ ಹತ್ತಿಕಾಯಿ ಅರಳಿರುವ ಚಿತ್ರವಿತ್ತು. ಮನೆಮನೆಯಲ್ಲಿ, ಹೋಟೆಲುಗಳಲ್ಲಿ ಅದೇ ಚಿತ್ರದ ಬಟ್ಟಲುಗಳು. ಸೋವಿಯತ್ ಆಡಳಿತ ಆ ನಾಡಿಗೆ ಹತ್ತಿ ಬೆಳೆಯುವ ಹೊಣೆ ಹೊರಿಸಿತು. 1960ರ ದಶಕದಿಂದ ಅಮು ದರ್ಯಾ, ಸಿರ್ ದರ್ಯಾ ನದಿಗಳ ನೀರನ್ನು ಇನ್ನಷ್ಟು ಕಾಲುವೆಗಳಿಗೆ ತಿರುಗಿಸಿದ್ದರಿಂದ, ಜಗತ್ತಿನ ನಾಲ್ಕನೆಯ ದೊಡ್ಡ ಸರೋವರವಾಗಿದ್ದ ಅರಾಲ್ ಸಮುದ್ರ ಬತ್ತಿತು. ಮೀನುಗಾರಿಕೆಯ ಬಂದರಾಗಿದ್ದ ಮೊಯ್ನಾಕ್ ಊರಿನಲ್ಲಿ ಈಗ ಹಡಗುಗಳು ಮರಳಿನ ಮೇಲೆ ತುಕ್ಕು ಹಿಡಿದು ಒರಗಿವೆ, ನೀರು ನೂರು ಕಿಲೋಮೀಟರಿಗೂ ದೂರ ಹೋಗಿದೆ. ಅಲ್ಲಿಗೆ ಹೋಗಲು ನನಗೆ ಸಮಯ ಸಾಲಲಿಲ್ಲ.

ನಾನು ಕಣ್ಣಾರೆ ಕಂಡದ್ದು ಖೀವಾದ ಹೊರವಲಯದ ಹೊಲಗಳನ್ನು. ನೀರು ನಿಂತು ಒಣಗಿದ ಕಡೆಯೆಲ್ಲ ನೆಲದ ಮೇಲೆ ಬೆಳ್ಳಗೆ ಉಪ್ಪು ಕಟ್ಟಿತ್ತು. ನಿಮ್ಮ ಕಡೆ ಸವುಳು ಎನ್ನುವುದೂ ಇದನ್ನೇ. ಬಿತ್ತನೆಗೆ ಮುಂಚೆ ಹೊಲಕ್ಕೆ ನೀರು ತುಂಬಿಸಿ ಆ ಉಪ್ಪನ್ನು ತೊಳೆದು ಹೊರಹಾಕುತ್ತಾರೆ, ಅದಕ್ಕೂ ಮತ್ತೆ ನದಿಯ ನೀರೇ ಬೇಕು. ಖೀವಾ ಕೋಟೆಯ ಇಟ್ಟಿಗೆ ಗೋಡೆಗಳ ಬುಡದಲ್ಲೂ ಅದೇ ಬಿಳುಪು ಮೊಳಕಾಲೆತ್ತರಕ್ಕೆ ಏರಿತ್ತು. ಬೆರಳಿನಿಂದ ಒರೆಸಿದರೆ ಪುಡಿಯಾಗಿ ಉದುರುತ್ತಿತ್ತು. ಬಹುಕಾಲ ಅಲ್ಲಿಯ ವಿದ್ಯಾರ್ಥಿಗಳನ್ನೂ ನೌಕರರನ್ನೂ ಹತ್ತಿ ಬಿಡಿಸಲು ಬಲವಂತವಾಗಿ ಹೊಲಕ್ಕೆ ಕಳುಹಿಸುತ್ತಿದ್ದರು. 2021ರ ಕೊಯ್ಲಿನಲ್ಲಿ ವ್ಯವಸ್ಥಿತವಾದ ಬಲವಂತದ ದುಡಿಮೆ ಕೊನೆಗೊಂಡಿದೆಯೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2022ರಲ್ಲಿ ಪ್ರಕಟಿಸಿತು. ಬುಖಾರಾದ ಆ ಸೊಸೆ ತನ್ನ ಶಾಲಾದಿನಗಳ ಶರತ್ಕಾಲಗಳು ಹೊಲದಲ್ಲೇ ಕಳೆದವೆಂದು ಹೇಳಿ, ಬೆರಳತುದಿಗಳನ್ನು ನನಗೆ ತೋರಿಸಿ, ಮತ್ತೆ ಚಹಾ ಬಗ್ಗಿಸಿದಳು. ಅಂದಿನಿಂದ ಆ ನೀಲಿ ಬಟ್ಟಲನ್ನು ಬರೀ ಅಂದದ ವಸ್ತುವಾಗಿ ನೋಡಲು ನನಗೆ ಸಾಧ್ಯವಾಗಿಲ್ಲ.

ಯಾವ ತಿಂಗಳಿನಲ್ಲಿ ಹೋಗಬೇಕು? ಹೆಂಗಸರು ಒಬ್ಬರೇ ಹೋಗಬಹುದೇ?
(ಮೈಸೂರು, ದಾವಣಗೆರೆ, ಪುತ್ತೂರಿನಿಂದ ಬಂದ ಪತ್ರಗಳು)

ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್, ಅಕ್ಟೋಬರ್ ಉತ್ತಮ. ಜುಲೈನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಚಳಿಗಾಲ ತೀಕ್ಷ್ಣವಾಗಿರುತ್ತದೆ. ದೆಹಲಿಯಿಂದ ತಾಷ್ಕೆಂಟಿಗೆ ಸುಮಾರು ಮೂರು ಗಂಟೆಯ ವಿಮಾನ ಪ್ರಯಾಣ. ತಾಷ್ಕೆಂಟಿನಿಂದ ಸಮರ್ಖಂಡಕ್ಕೆ ವೇಗದ ರೈಲು ಎರಡು ಗಂಟೆಯ ಮೇಲೆ ಸ್ವಲ್ಪ ಸಮಯ ತೆಗೆದುಕೊಳ್ಳುತ್ತದೆ, ಅದರ ಟಿಕೆಟುಗಳು ಬೇಗ ಮುಗಿಯುವುದರಿಂದ ಮುಂಗಡವಾಗಿ ಕಾದಿರಿಸಿ. ನಾನು ಐವತ್ತು ದಾಟಿದವಳು, ಒಬ್ಬಳೇ ಹೋಗಿದ್ದೆ, ಎಲ್ಲಿಯೂ ಅಂಜಿಕೆಯಾಗಲಿಲ್ಲ. ತಾಷ್ಕೆಂಟ್ ಮೆಟ್ರೊದಲ್ಲಿ ನಾನು ಹತ್ತಿದೊಡನೆ ಹುಡುಗರು ಎದ್ದು ಜಾಗ ಬಿಡುತ್ತಿದ್ದರು. ಬೇಡವೆಂದರೂ ಅವರು ಮತ್ತೆ ಕೂರುವುದಿಲ್ಲ, ಆದ್ದರಿಂದ ಸುಮ್ಮನೆ ಕೂತುಬಿಡಿ.